ನಾಯಿಗಿ ಬೀದರ್ ವೆಟರ್ನರಿ ದವಾಖಾನಿಗಿ ಒಯ್ಯೋದದ, ಹಿಂದಿನ ದಿನ ಏನೇನು ಮಾಡ್ಕೋಬೇಕು?

ತೊಗರಿ_ಕಣಜ, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. ಗಂಡು ನಾಯಿ, ಲ್ಯಾಬ್ರಡಾರ್ ಮಿಕ್ಸ್, ನಾಲ್ಕು ವರ್ಷ, ತೂಕ 28 ಕೆ.ಜಿ. ಎಂಟು ದಿನದಿಂದ ಊಟ ಅರ್ಧಕ್ಕ ಬಂದದ, ಜ್ವರ ಬರ್ತದ ಹೋಗ್ತದ, ಮೈತುಂಬ ಉಣ್ಣಿ ಅವ. ಮೊನ್ನಿ ಮೂಗಿನಾಗಿಂದ ಸ್ವಲ್ಪ ರಕ್ತ ಬಂದು ತಾನೇ ನಿಂತದ. ಇಲ್ಲಿ ತೋರಿಸಿದ್ರ, ಬೀದರ್ ವೆಟರ್ನರಿ ಕಾಲೇಜಿನ ದವಾಖಾನಿಗಿ ಒಯ್ದು ರಕ್ತ ಪರೀಕ್ಷೆ, ಹೊಟ್ಟಿ ಸ್ಕ್ಯಾನಿಂಗ್ ಮಾಡಿಸ್ರಿ ಅಂತ ಚೀಟಿ ಬರೆದುಕೊಟ್ಟಾರ. ನಾಡಿದ್ದು ಮುಂಜಾನಿ ಹತ್ತಕ್ಕ ಹೋಗಬೇಕು.

ಖಾಲಿ ಹೊಟ್ಟಿಲೆ ಒಯ್ಯಬೇಕೋ, ಉಣಿಸಿ ಒಯ್ಯಬೇಕೋ? ಮಲ, ಮೂತ್ರ ಹಿಡಕೊಂಡು ಹೋಗಬೇಕಾ? ಹೊಸಬರು ಮುಟ್ಟಿದ್ರ ಬಾಯಿ ಹಾಕ್ತದ, ಅದಕ್ಕೇನು ಮಾಡೋದು? ಈ ಬಿಸಲಾಗ ಅಷ್ಟು ದೂರ ಹ್ಯಾಂಗ ಒಯ್ಯೋದು? ಹೋಗೋಕಿನ ಮೊದಲು ಸ್ನಾನ ಮಾಡಿಸಿ, ಉಣ್ಣಿ ಔಷಧ ಹಚ್ಚಿ, ಸ್ವಚ್ಛ ಮಾಡ್ಕೊಂಡು ಹೋಗ್ರಿ ಅಂತ ಮನ್ಯಾಗ ಹೇಳಲತ್ತಾರ. ಗೊತ್ತಿದ್ದವ್ರು ಸ್ವಲ್ಪ ಬಿಡಿಸಿ ಹೇಳ್ರಿ.

ಪಶುವೈದ್ಯ_ಬೀದರ್

ಸ್ನಾನದ ಮಾತಿಗೇ ಮೊದಲು ಉತ್ತರ: ಬೇಡ. ಉಣ್ಣಿ ಔಷಧವೂ ಬೇಡ. ಬೇವಿನೆಣ್ಣೆ, ಅರಿಶಿಣ, ಗಾಡಿಯ ಸುಟ್ಟ ಆಯಿಲ್, ಏನನ್ನೂ ಹಚ್ಚಬೇಡಿ. ನಾಯಿ ಹೇಗಿದೆಯೋ ಹಾಗೇ ಬರಲಿ. ಡಾಕ್ಟರ್ ಮುಂದೆ ಚೊಕ್ಕಟವಾಗಿ ಕಾಣಬೇಕು ಅಂತ ಎರಡು ದಿನ ಮುಂಚೆ ಮಾಡುವ ಉಪಚಾರವೇ ಎಷ್ಟೋ ಸಲ ರೋಗದ ಗುರುತು ಅಳಿಸಿಬಿಡುತ್ತದೆ.

ಉಣ್ಣಿ ಕೊಲ್ಲುವ ಅಮಿಟ್ರಾಜ್ ಔಷಧದ ವಿಷಯವನ್ನೇ ನೋಡಿ. 12.5% ದ್ರಾವಣ ದನದ ಔಷಧ ಮಾರುವ ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತದೆ. ನಾಯಿಗಾದರೆ ಒಂದು ಲೀಟರ್ ನೀರಿಗೆ 2ರಿಂದ 4 ಮಿ.ಲೀ. ಸಾಕು. ಜನ ಬಾಟಲಿಯ ಮುಚ್ಚಳದಲ್ಲಿ ಅಂದಾಜಿಗೆ ಸುರಿಯುತ್ತಾರೆ. ಹೆಚ್ಚಾಗಿ ಮೈಗೆ ಇಳಿದರೆ ನಾಯಿ ಮಂಕಾಗುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಆಮೇಲೆ ನಮ್ಮ ಮೇಜಿನ ಮೇಲೆ ಬಂದಾಗ ಅದು ರೋಗದ ಮಂಕೋ, ಔಷಧದ ಮಂಕೋ ಬಿಡಿಸಲಾಗುವುದಿಲ್ಲ. ಬಾಯಿ ಹಾಕುವ ನಾಯಿಗೆ ಮಂಪರಿನ ಇಂಜೆಕ್ಷನ್ ಕೊಡಬೇಕಾಗಬಹುದು. ಅದಕ್ಕೆ ಬಳಸುವ ಝೈಲಜೀನ್ ಸಹ ದೇಹದಲ್ಲಿ ಇದೇ ಥರ ಕೆಲಸ ಮಾಡುವಂಥದ್ದು. ಎರಡೂ ಒಂದರ ಮೇಲೊಂದು ಬಿದ್ದರೆ ಅಪಾಯ. ಉಣ್ಣಿ ಕೊಲ್ಲುವ ಕೆಲಸ ರಕ್ತ ತೆಗೆದ ಮೇಲೆ ಮಾಡಿದರಾಯಿತು. ಒಂದೊಂದೇ ಕೀಳುತ್ತ, ಉಗುರಲ್ಲಿ ಕುಕ್ಕುತ್ತ ಕೂರಬೇಡಿ.

ಊಟ: ಹಿಂದಿನ ರಾತ್ರಿ ಎಂಟರೊಳಗೆ ಮುಗಿಯಲಿ, ಅದೂ ಹಗುರವಾಗಿ. ಅನ್ನ, ಬೇಯಿಸಿದ ಕೋಳಿ ಅಥವಾ ಮೊಟ್ಟೆ ಸಾಕು. ಬ್ಯಾಳಿ ಮತ್ತು ಹಾಲು ಗ್ಯಾಸ್ ತುಂಬುತ್ತವೆ, ಎಲುಬಿನ ಚೂರು ಸ್ಕ್ಯಾನಿಂಗ್‌ನಲ್ಲಿ ನೆರಳು ಬೀಳಿಸುತ್ತದೆ, ಅವು ಬೇಡ. ಉಳ್ಳಾಗಡ್ಡಿ ಹಾಕಿದ ಸಾರು ಯಾವತ್ತೂ ಬೇಡ, ಅದು ಕೆಂಪು ರಕ್ತಕಣ ಒಡೆಯುತ್ತದೆ. ಮುಂಜಾನೆ ಬಿಸ್ಕೀಟೂ ಇಲ್ಲ. ಉಂಡ ಮೇಲೆ ತೆಗೆದ ರಕ್ತದ ಸೀರಂ, ಅಂದರೆ ರಕ್ತದ ತಿಳಿ ಭಾಗ, ಕೊಬ್ಬಿನಿಂದ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಮೆಷಿನ್ ತಪ್ಪು ಅಂಕಿ ಕೊಡುತ್ತದೆ. ನೀರು ಮಾತ್ರ ನಿಲ್ಲಿಸಬೇಡಿ. ಮರಿ ನಾಯಿಗೆ, ಸಕ್ಕರೆ ಕಾಯಿಲೆಯ ನಾಯಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅವನ್ನು ರಾತ್ರಿಯಿಡೀ ಉಪವಾಸ ಇಡಬಾರದು.

ಸ್ಕ್ಯಾನಿಂಗ್‌ಗೆ ಮೂತ್ರಕೋಶ ತುಂಬಿರಬೇಕು. ಗಂಡು ನಾಯಿಯ ಮಾಲೀಕರು ಇಲ್ಲೇ ಸೋಲೋದು. ಗಾಡಿಯಿಂದ ಇಳಿದದ್ದೇ ತಡ, ಗೇಟಿನ ಕಂಬ, ಗಿಡ, ಬೈಕಿನ ಟೈರು ಅಂತ ಕಾಲೆತ್ತುತ್ತ ಬಂದು ಮೇಜಿನ ಮೇಲೆ ಮಲಗುವಷ್ಟರಲ್ಲಿ ಮೂತ್ರಕೋಶ ಬರಿದು. ಮುಂಜಾನೆ ಮನೆಯಲ್ಲೇ ಪೂರ್ತಿ ಉಚ್ಚೆ ಮಾಡಿಸಿ, ಸ್ಯಾಂಪಲ್ ಆಗಲೇ ಹಿಡಿಯಿರಿ. ದಾರಿಯಲ್ಲಿ ನೀರು ಕುಡಿಸಿ. ದವಾಖಾನೆ ಮುಟ್ಟಿದ ಮೇಲೆ ಹಗ್ಗ ಗಿಡ್ಡ ಹಿಡಿಯಿರಿ, ಕಾಲೆತ್ತಲು ಬಿಡಬೇಡಿ.

ಇನ್ನೊಂದು ಗಮನಿಸಿ: ಬಿಸಿಲಿಗೆ ತೇಕುವ ನಾಯಿ ಗಾಳಿ ನುಂಗುತ್ತದೆ. ಜಠರದಲ್ಲಿ ಗಾಳಿ ತುಂಬಿದರೆ ಅದರ ಹಿಂದಿನದು ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ. ಉಣ್ಣಿ ಜ್ವರದಲ್ಲಿ ಗುಲ್ಮ (ಸ್ಪ್ಲೀನ್) ಎಷ್ಟೋ ಸಲ ದೊಡ್ಡದಾಗಿರುತ್ತದೆ, ಅದನ್ನು ನೋಡೋದಿರುತ್ತದೆ. ಅರ್ಧ ಗಂಟೆ ನೆರಳಲ್ಲಿ ಕೂಡಿಸಿ, ತೇಕು ಇಳಿದ ಮೇಲೆ ಒಳಗೆ ಬನ್ನಿ. ಹೊಟ್ಟೆಯ ಕೂದಲು ಬೋಳಿಸುತ್ತಾರೆ, ಗಾಬರಿ ಬೇಡ, ಮತ್ತೆ ಬರುತ್ತದೆ.

ಮೂಗಿನ ರಕ್ತ ಇರುವುದರಿಂದ ಒಂದು ಮಾತು ಒತ್ತಿ ಹೇಳುತ್ತೇನೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ ಕಡಿಮೆಯಾಗಿರುವ ಸಾಧ್ಯತೆ ಇದೆ. ಜ್ವರಕ್ಕೆಂದು ಮನುಷ್ಯರ ಗುಳಿಗೆ, ಅಂದರೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಬೇಡಿ. ಅವು ನಾಯಿಯ ಜಠರದಲ್ಲಿ ಹುಣ್ಣು ಮಾಡಿ ರಕ್ತಸ್ರಾವ ಹೆಚ್ಚಿಸುತ್ತವೆ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡಬೇಡಿ. ಅವುಗಳ ಬೆನ್ನಿಗೇ ಸ್ಟೆರಾಯ್ಡ್ ಕೊಟ್ಟರೆ ಕರುಳು ತೂತಾಗಬಹುದು, ಅದಕ್ಕೇ ನಮಗೆ ಗೊತ್ತಿರಬೇಕು. ಕೊರಳಪಟ್ಟಿ ಎಳೆಯಬೇಡಿ, ಎದೆಗೆ ಕಟ್ಟುವ ಹಾರ್ನೆಸ್ ಹಾಕಿ.

ಒಂದು ಹಾಳೆಯ ಮೇಲೆ ಬರೆದು ತನ್ನಿ: ಊಟ ಯಾವ ತಾರೀಖಿಗೆ ಕಮ್ಮಿಯಾಯಿತು, ಜ್ವರ ಎಷ್ಟೆಷ್ಟು ಹೊತ್ತಿಗೆ ಎಷ್ಟಿತ್ತು, ಯಾವ ಔಷಧ ಎಷ್ಟು ಮಿ.ಗ್ರಾಂ. ಹೋಯಿತು, ಕೊನೆಯ ಜಂತಿನ ಗುಳಿಗೆ ಮತ್ತು ಲಸಿಕೆ ಯಾವಾಗ. ಜ್ವರ ನೋಡಲು ಡಿಜಿಟಲ್ ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಹಚ್ಚಿ ಗುದದ್ವಾರದಲ್ಲಿ 2 ಸೆಂ.ಮೀ. ಇಳಿಸಿ, ಪಕ್ಕಕ್ಕೆ ತಾಗುವಂತೆ ಹಿಡಿಯಿರಿ. ಮಲದ ಗಡ್ಡೆಯೊಳಗೆ ಚುಚ್ಚಿದರೆ ಕಡಿಮೆ ತೋರಿಸುತ್ತದೆ. 100.5ರಿಂದ 102.5 ಫ್ಯಾರನ್‌ಹೀಟ್ ಸಹಜ. ಮೂಗು ಒಣಗಿದೆ, ಕಿವಿ ಬೆಚ್ಚಗಿದೆ ಅನ್ನೋದು ಅಳತೆಯಲ್ಲ. ಒಸಡಿನ ಫೋಟೊ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳಿದ್ದರೆ ಅದರ ಫೋಟೊ ಹಗಲು ಬೆಳಕಿನಲ್ಲಿ ತೆಗೆದಿಟ್ಟುಕೊಳ್ಳಿ. ರಕ್ತ ಬಂದದ್ದು ಒಂದೇ ಹೊಳ್ಳೆಯಿಂದಲೋ ಎರಡರಿಂದಲೋ ನೆನಪು ಮಾಡಿಕೊಳ್ಳಿ. ಒಂದೇ ಕಡೆಯಾದರೆ ಹುಲ್ಲಿನ ಮುಳ್ಳು ಸಿಕ್ಕಿರಬಹುದು, ಮೂಗಿನೊಳಗೆ ಗಡ್ಡೆ ಇರಬಹುದು, ಅದನ್ನೂ ಹುಡುಕಬೇಕಾಗುತ್ತದೆ.

ಹುಮನಾಬಾದ್_ನಾಕಾ

ಇಷ್ಟೆಲ್ಲ ಯಾಕ ಬೇಕ್ರಿ ಅಣ್ಣಾರ. ಉಣ್ಣಿ ಜ್ವರ ಅಂತ ಕಂಡೇ ಕಾಣಸ್ತದ. ಮೆಡಿಕಲ್‌ನಾಗ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ಗುಳಿಗಿ ಸಿಗ್ತದ, ಇವತ್ತೇ ದಿನಾ ಎರಡು ಚಾಲೂ ಮಾಡ್ರಿ, ಬೀದರಿಗಿ ಹೋಗೋದ್ರಾಗ ಅರ್ಧ ಆರಾಮ ಆಗಿರ್ತದ.

ಪಶುವೈದ್ಯ_ಬೀದರ್

ಆರಾಮ ಕಂಡರೂ ಪರೀಕ್ಷೆ ಕೆಡುತ್ತದೆ. ಉಣ್ಣಿ ಜ್ವರ ತರುವ ಎರ್ಲಿಕಿಯಾ ಕ್ರಿಮಿ ಬಿಳಿ ರಕ್ತಕಣದೊಳಗೆ ಗುಂಪಾಗಿ ಕಾಣುವುದೇ ಅಪರೂಪ, ಔಷಧ ಶುರುವಾದ ಮೇಲೆ ಗಾಜಿನ ಮೇಲೆ ಹುಡುಕಿದರೂ ಸಿಗುವುದಿಲ್ಲ. ಕ್ರಿಮಿಯ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಕೂಡ ನೆಗೆಟಿವ್ ಬರಬಹುದು. ಡೋಸೂ ಕಡಿಮೆ: ಕೆ.ಜಿ.ಗೆ ದಿನಕ್ಕೆ 10 ಮಿ.ಗ್ರಾಂ. ಲೆಕ್ಕದಲ್ಲಿ 28 ಕೆ.ಜಿ.ಗೆ 280 ಮಿ.ಗ್ರಾಂ. ಬೇಕು, ಅದೂ 28 ದಿನ. ನಾಲ್ಕನೇ ದಿನ ನಾಯಿ ಚುರುಕಾಯಿತು ಅಂತ ಬಿಟ್ಟರೆ ಕ್ರಿಮಿ ಒಳಗೇ ಉಳಿಯುತ್ತದೆ.

ಮೇಲಾಗಿ ಉಣ್ಣಿ ತರುವುದು ಒಂದೇ ರೋಗವಲ್ಲ. ಕೆಂಪು ರಕ್ತಕಣದೊಳಗೆ ಸೇರುವ ಬೆಬೀಸಿಯಾ ಕ್ರಿಮಿ ಆಗಿದ್ದರೆ ಡಾಕ್ಸಿಯಿಂದ ಅದು ಹೋಗುವುದಿಲ್ಲ. ಅದರಲ್ಲೂ ಕ್ರಿಮಿಯ ದೊಡ್ಡ ಜಾತಿಗೆ ಒಂದು ಔಷಧ, ಗಿಬ್ಸೊನಿ ಎಂಬ ಸಣ್ಣ ಜಾತಿಗೆ ಅಟೊವಾಕ್ವೋನ್ ಜೊತೆ ಅಜಿತ್ರೊಮೈಸಿನ್. ಯಾವುದು ಅಂತ ನೋಡೋದಕ್ಕೇ ಬೀದರಿಗೆ ಬರೋದು. ನಾಡಿದ್ದೇ ಹೋಗುವವರು ಎರಡು ದಿನ ತಡೆಯಬಹುದು. ಒಸಡು ಬಿಳಿಚಿಕೊಂಡರೆ, ಮಲ ಡಾಂಬರಿನ ಹಾಗೆ ಕಪ್ಪಗಾದರೆ, ಮಲಗಿದ್ದಾಗಲೂ ಉಸಿರು ನಿಮಿಷಕ್ಕೆ 40 ದಾಟಿದರೆ ನಾಡಿದ್ದಿನವರೆಗೆ ಕಾಯುವ ಮಾತೇ ಇಲ್ಲ, ಇವತ್ತೇ ಹೊರಡಿ. ಒಸಡನ್ನು ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು.

ಲ್ಯಾಬ್_ಮೇಜು

ಸ್ಯಾಂಪಲ್ ಬಗ್ಗೆ ನಾನು ಹೇಳ್ತೀನ್ರಿ. ಮೆಡಿಕಲ್‌ನಾಗ 30 ಮಿ.ಲೀ.ನ ಸ್ಯಾಂಪಲ್ ಡಬ್ಬಿ ಸಿಗ್ತದ, ಎರಡು ತಗೋರಿ. ಔಷಧದ ಖಾಲಿ ಬಾಟಲಿ, ಉಪ್ಪಿನಕಾಯಿ ಡಬ್ಬಿ ತೊಳೆದು ತರಬ್ಯಾಡ್ರಿ. ಸೋಪಿನ ಅಂಶ, ಸಕ್ಕರೆ ಅಂಶ ಮೂತ್ರದ ಪಟ್ಟಿ ಪರೀಕ್ಷೆಗೆ ಮೋಸ ಮಾಡ್ತದ.

ಮೂತ್ರ: ಎದ್ದ ಕೂಡಲೇ ಮಾಡೋದು ಒಳ್ಳೇದು, ಗಟ್ಟಿ ಇರ್ತದ. ಉದ್ದ ಹಿಡಿಕಿಯ ಸ್ಟೀಲ್ ಸೌಟಿಗೆ ಕುದಿಯೋ ನೀರು ಹಾಕಿ ಒಣಗಿಸಿ ಇಟ್ಟುಕೊಳ್ರಿ. ನಾಯಿ ಕಾಲೆತ್ತಿ ಶುರು ಮಾಡಿದ ಮ್ಯಾಲ ಮೊದಲ ಧಾರಿ ಬಿಟ್ಟು, ನಡುವಿನದು ಹಿಡೀರಿ. 10 ಮಿ.ಲೀ. ಸಾಕು. ಮೊದಲೇ ಸೌಟು ಚಾಚಿದ್ರ ನಾಯಿ ಬೆದರಿ ಕಾಲು ಇಳಿಸಿಬಿಡ್ತದ.

ಮಲ: ಅದೇ ಮುಂಜಾನಿದು, ಒಂದು ಚಮಚ, 5 ಗ್ರಾಂ. ನೆಲಕ್ಕ ಹತ್ತಿದ ಭಾಗ ಬಿಟ್ಟು ಮ್ಯಾಲಿನದು ತಗೋರಿ. ಮಣ್ಣಾಗಿನ ಹುಳ ಸೇರ್ಕೊಂಡ್ರ ನಾವು ಸುಮ್ನ ತಲಿ ಕೆಡಿಸ್ಕೋತೀವಿ. ಬಿಸಲಾಗ ನಿಂತ ಮಲದಾಗ ಕೊಕ್ಕೆಹುಳದ ತತ್ತಿ ಒಡೆದು ಮರಿ ಹೊರಗ ಬರ್ತಾವ, ಆಮ್ಯಾಲ ಅವು ಮಣ್ಣಿನ ಹುಳನೋ ನಾಯಿ ಹುಳನೋ ಹೇಳೋದು ಕಷ್ಟ. ಪರೀಕ್ಷೆಗಿಂತ ಮೊದಲು ಜಂತಿನ ಗುಳಿಗಿ ಕೊಡೋದೂ ಬ್ಯಾಡ.

ಎರಡೂ ಡಬ್ಬಿ ಒಂದು ಪ್ಲಾಸ್ಟಿಕ್ ಚೀಲದಾಗ ಕಟ್ಟಿ, ಬಟ್ಟಿಯಾಗ ಸುತ್ತಿದ ಐಸ್ ಪ್ಯಾಕ್ ಜೋಡಿ ಸಣ್ಣ ಥರ್ಮೊಕೋಲ್ ಡಬ್ಬಿಯಾಗ ಇಡ್ರಿ. ಐಸಿಗಿ ನೇರ ಹತ್ತಬಾರದು, ಹೆಪ್ಪುಗಟ್ಟಿದ್ರ ಹಾಳು. ಹೆಸರು, ತಾರೀಖು, ಹಿಡಿದ ಹೊತ್ತು ಡಬ್ಬಿಯ ಮೈಮ್ಯಾಲ ಬರೀರಿ, ಮುಚ್ಚಳದ ಮ್ಯಾಲ ಅಲ್ಲ. ತೆಗೆದ ಮುಚ್ಚಳ ಅದಲುಬದಲು ಆಗ್ತಾವ. ತಂಪಾದ ಮೂತ್ರದಾಗ ಇಲ್ಲದ ಹರಳು ಹುಟ್ಟಬಹುದು, ಅದಕ್ಕ ಫ್ರಿಜ್‌ನಾಗ, ಐಸಿನಾಗ ಇಟ್ಟು ತಂದದ್ದು ಅಂತ ಹೇಳಿ ಕೊಡ್ರಿ.

ರಕ್ತ ಮಾತ್ರ ಕಲಬುರಗಿದಾಗ ತೆಗೆಸಿ ಒಯ್ಯಬ್ಯಾಡ್ರಿ. ರಕ್ತ ಹೆಪ್ಪುಗಟ್ಟದಂಗ ಇಡೋ ಇಡಿಟಿಎ ಟ್ಯೂಬಿನಾಗ ಹೊತ್ತಾದಂಗ ಕಣ ಉಬ್ಬತಾವ, ಪ್ಲೇಟ್‌ಲೆಟ್ ಗುಂಪುಗಟ್ಟಿ ಮೆಷಿನ್ ಕಮ್ಮಿ ಎಣಿಸ್ತದ. ಅಲ್ಲೇ ತೆಗೆದು ಅಲ್ಲೇ ಗಾಜಿನ ಮ್ಯಾಲ ಎಳೆದ್ರ ಚೊಲೋ. ಕಿವಿ ಅಂಚಿನಿಂದ ಒಂದು ಹನಿ ತೆಗೆದು ಸ್ಲೈಡ್ ಮಾಡ್ರಿ ಅಂತ ಕೇಳಿಕೊಳ್ಳಬಹುದು, ಬೆಬೀಸಿಯಾ ಅಲ್ಲಿ ಸಿಗೋ ಸಾಧ್ಯತೆ ಜಾಸ್ತಿ.

ಕಮಲಾಪುರ_ಘಾಟ್

ಪ್ರಯಾಣದ್ದು: ಕಮಲಾಪುರ, ಹುಮನಾಬಾದ್ ಮ್ಯಾಲಿಂದ ಸುಮಾರು 110 ಕಿ.ಮೀ. ನಾಯಿ ಜೋಡಿ ಎರಡೂವರೆ ತಾಸು ಹಿಡೀರಿ. ಆರಕ್ಕ ಹೊರಟ್ರ ಬಿಸಲು ಏರೋದ್ರಾಗ ಮುಟ್ಟತೀರಿ. ಬೀದರ್ ರೈಲು ಅದ ಅಂತ ಸ್ಟೇಷನ್ನಿಗಿ ಹೋಗಬ್ಯಾಡ್ರಿ, ಜನರಲ್ ಡಬ್ಬಿಯಾಗ ನಾಯಿ ಹತ್ತಿಸಾಕ ಬಿಡಂಗಿಲ್ಲ.

ಕಾರಿನಾಗ ಹಿಂದಿನ ಸೀಟಿನ ಮುಂದಿನ ತಗ್ಗು ಹಾಸಿಗಿ ತುಂಬಿ ಸಮ ಮಾಡ್ರಿ, ಬ್ರೇಕ್ ಹಾಕಿದ್ರ ನಾಯಿ ಬೀಳಂಗಿಲ್ಲ. ಒದ್ದಿ ಟಾವೆಲ್ ಕೆಳಗ ಹಾಸ್ರಿ, ಮೈಮ್ಯಾಲ ಹೊದಿಸಬ್ಯಾಡ್ರಿ. ಹೊದಿಸಿದ ಟಾವೆಲ್ ಸ್ವಲ್ಪ ಹೊತ್ತಿಗೇ ಬಿಸಿಯಾಗಿ ಕಾವು ಒಳಗೇ ಹಿಡೀತದ. ಹೊಟ್ಟಿ, ಪಾದ ನೀರಿಲೆ ತೋಯಿಸಿ ಎಸಿ ಗಾಳಿ ಬಿಡೋದು ಅದಕ್ಕಿಂತ ಚೊಲೋ. ನೀರು ಒಂದೇ ಸಲ ಬಟ್ಟಲಗಟ್ಟಲೆ ಅಲ್ಲ, ನಡುನಡುವೆ 100–150 ಮಿ.ಲೀ. ನಿಲ್ಲಿಸಿದ ಕಾರಿನಾಗ ಕಾಚು ಇಳಿಸಿ ಬಿಟ್ಟು ಚಾ ಕುಡಿಯೋಕ ಹೋಗೋದು ಬ್ಯಾಡೇ ಬ್ಯಾಡ.

ಇಬ್ಬರು ಬೇಕು. ಒಬ್ಬರು ಚೀಟಿ ಮಾಡಿಸೋಕ, ಇನ್ನೊಬ್ಬರು ಗಿಡದ ನೆರಳಾಗ ನಾಯಿ ಹಿಡಕೊಂಡು. ಅಲ್ಲಿ ಎಮ್ಮಿ, ಆಕಳು, ಆಡು ಎಲ್ಲ ಬಂದಿರ್ತಾವ, ಎಂದೂ ಎಮ್ಮಿ ಹತ್ತಿರ ಕಾಣದ ನಾಯಿ ಒದರಿ ಒದರಿ ಇನ್ನೂ ತೇಕತದ.

ಬಾಯಿ ಹಾಕೋದಕ್ಕ ಮೂತಿಗಿ ಕಟ್ಟೋ ಬುಟ್ಟಿ ಮಝಲ್ ತಗೋರಿ, ಪ್ಲಾಸ್ಟಿಕ್ ಜಾಳಿಗಿದು. ಮೂಗಿನ ತುದಿಯಿಂದ ಕಣ್ಣಿನ ಕೆಳಗಿನ ತನಕ ಉದ್ದ ಅಳೀರಿ. ಸುತ್ತಳತಿ ಅಳೆಯೋವಾಗ ಬಾಯಿ ಸ್ವಲ್ಪ ತೆರೆದಿರಬೇಕು, ಮುಚ್ಚಿದ ಬಾಯಿ ಅಳತಿಗೆ ತಂದ್ರ ಒಳಗ ನಾಲಿಗಿ ಚಾಚಾಕ ಬರಂಗಿಲ್ಲ. ಇವತ್ತು, ನಾಳೆ ಬುಟ್ಟಿ ಒಳಗ ಮೊಸರು ಸವರಿ ತಾನೇ ಮೂತಿ ಇಡೋ ಹಾಂಗ ಮಾಡ್ರಿ. ಮೊದಲು ಪಟ್ಟಿ ಕಟ್ಟದೆ, ಆಮ್ಯಾಲ ಎರಡು ನಿಮಿಷ ಕಟ್ಟಿ. ನಾಡಿದ್ದು ಮುಂಜಾನಿ ಮೊಸರು ಇಲ್ಲ, ಉಪವಾಸ ಅದಲ್ಲ.

ಪಶುವೈದ್ಯ_ಬೀದರ್

ಮಝಲ್ ಬಗ್ಗೆ ಒಂದೇ ಸೇರ್ಪಡೆ. ಬಟ್ಟೆಯ ಪಟ್ಟಿಯಿಂದ ಮೂತಿ ಬಿಗಿಯುವ ಪದ್ಧತಿ ಈ ನಾಯಿಗೆ ಬೇಡ. ಮೂಗಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದು ಬಾಯಿಂದಲೇ ಉಸಿರಾಡಬೇಕು. ವಾಂತಿ ಮಾಡುವ ನಾಯಿಗೂ, ಪಗ್‌ನಂಥ ಚಪ್ಪಟೆ ಮೂಗಿನದಕ್ಕೂ ಹಾಗೇ. ಬುಟ್ಟಿ ಸಿಗದಿದ್ದರೆ ಹಾಗೇ ತನ್ನಿ, ಆದರೆ ಚೀಟಿ ಮಾಡಿಸುವಾಗಲೇ ಕಚ್ಚುತ್ತದೆ ಅಂತ ಹೇಳಿಬಿಡಿ. ಮೇಜಿನ ಮೇಲೆ ಹತ್ತಿಸಿದ ಮೇಲೆ ಹೇಳಿದರೆ ಯಾರದೋ ಕೈ ಹೋಗಿರುತ್ತದೆ. ರೇಬೀಸ್ ಲಸಿಕೆಯ ಕಾರ್ಡು ಮೇಲೇ ಇರಲಿ, ಯಾರಿಗಾದರೂ ಹಲ್ಲು ತಾಗಿದರೆ ಮೊದಲು ಕೇಳೋದು ಅದನ್ನೇ.

ಬೆಕ್ಕಿನ_ಮನಿ, ಯಾದಗಿರಿ

ಡಾಕ್ಟರ್ ಸಾಹೇಬ್ರ, ಇದ್ರಾಗೇ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹೆಣ್ಣು ಬೆಕ್ಕಿಗಿ ಸಂತಾನಹರಣ ಆಪರೇಷನ್ ಮಾಡಿಸೋದದ. ಒಂದು ವರ್ಷದ್ದು, ಮೂರು ಕೆ.ಜಿ. ಉಪವಾಸ ಎಷ್ಟು ತಾಸು? ಬುಟ್ಟಿಯಾಗ ಹಾಕಿದ್ರ ಹರಕೊಂಡು ಓಡ್ತದ.

ಪಶುವೈದ್ಯ_ಬೀದರ್

ಅಕ್ಕಾರ, ಬೆಕ್ಕಿಗೆ ಆರರಿಂದ ಎಂಟು ತಾಸು ಸಾಕು, ನೀರು ಹೊರಡುವ ತನಕ ಇರಲಿ. ಲೆಕ್ಕಕ್ಕಿಂತ ಬಾಗಿಲು ಮುಖ್ಯ. ಓಡಾಡುವ ಬೆಕ್ಕನ್ನು ಹಿಂದಿನ ಸಂಜೆಯೇ ಒಂದು ಕೋಣೆಯಲ್ಲಿ ಮರಳಿನ ತಟ್ಟೆ ಇಟ್ಟು ಕೂಡಿಹಾಕಿ. ನೀವು ಉಪವಾಸ ಅಂದುಕೊಂಡಿರುತ್ತೀರಿ, ಅದು ಮಾಳಿಗೆ ಮೇಲೆ ಇಲಿ ತಿಂದು, ಪಕ್ಕದ ಮನೆಯ ಹಾಲು ಕುಡಿದು ಬಂದಿರುತ್ತದೆ. ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಉಳಿಯುವುದು ಕಷ್ಟ.

ಬುಟ್ಟಿಯನ್ನು ಇವತ್ತೇ ಮನೆಯೊಳಗೆ ಬಾಯಿ ತೆರೆದು ಇಟ್ಟುಬಿಡಿ, ಅದು ಮಲಗುವ ಹಳೇ ಸೀರೆ ಒಳಗೆ ಹಾಸಿ. ಮುಚ್ಚಳ ಮೇಲಿಂದ ತೆರೆಯುವಂಥದ್ದಾದರೆ ಒಳ್ಳೇದು, ಹಿಂದಿನ ಕಾಲು ಮೊದಲು ಇಳಿಸಿ ಕೂಡಿಸಬಹುದು. ಮುಚ್ಚಳವನ್ನು ಎರಡು ಕಡೆ ದಾರದಿಂದ ಕಟ್ಟಿ ಮೇಲೆ ಟಾವೆಲ್ ಹೊದಿಸಿ, ಗಾಳಿಗೆ ಒಂದು ಬದಿ ಬಿಡಿ. ಎರಡು ಬೆಕ್ಕಿದ್ದರೆ ಎರಡು ಬುಟ್ಟಿ.

ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, 500ರ ಒಂದೇ ಗುಳಿಗೆ ಸಾಯಿಸಬಲ್ಲದು. ನಾಯಿಗೆ ಹಾಕುವ ಪರ್ಮೆಥ್ರಿನ್ ಹನಿಯೂ ಹಾಗೇ. ಹೊಲಿಗೆ ನೆಕ್ಕದಂತೆ ಕೊರಳಿಗೆ ಹಾಕುವ ಕೋನ್ ಸಿಗದಿದ್ದರೆ ಹಳೇ ಎಕ್ಸ್‌ರೇ ಹಾಳೆ ಸುತ್ತಿ ಮಾಡಬಹುದು, ಒಳಗಿನ ಅಂಚಿಗೆ ಬಟ್ಟೆಯ ಪಟ್ಟಿ ಹಚ್ಚಿ, ಇಲ್ಲವಾದರೆ ಕೊರಳು ಕುಯ್ಯುತ್ತದೆ. ಹತ್ತರಿಂದ ಹದಿನಾಲ್ಕು ದಿನ ಇರಲಿ.

ತೊಗರಿ_ಕಣಜ, ಕಲಬುರಗಿ

ಎಲ್ಲಾ ಬರೆದುಕೊಂಡೀನ್ರಿ. ರಕ್ತ ಬಂದದ್ದು ಎರಡೂ ಹೊಳ್ಳಿಯಿಂದ. ಸ್ನಾನ ಕ್ಯಾನ್ಸಲ್. ದಾರಿಯಾಗ ಮತ್ತ ರಕ್ತ ಶುರುವಾದ್ರ?

ಪಶುವೈದ್ಯ_ಬೀದರ್

ಗಾಡಿ ನಿಲ್ಲಿಸಿ, ಎಸಿ ಚಾಲೂ ಇರಲಿ. ಮಝಲ್ ಇದ್ದರೆ ತೆಗೆಯಿರಿ. ತಲೆ ಸಹಜವಾಗಿ ಮುಂದಕ್ಕಿರಲಿ, ಮೇಲಕ್ಕೆ ಎತ್ತಿ ಹಿಡಿದರೆ ರಕ್ತ ಗಂಟಲಿಗೆ ಇಳಿಯುತ್ತದೆ. ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ ಮೂಗಿನ ಮೇಲ್ಭಾಗಕ್ಕೆ, ಕಣ್ಣಿನಿಂದ ಕೆಳಗೆ, ಹಿಡಿಯಿರಿ. ಹಾಗಾಗಿ ಸ್ಯಾಂಪಲ್ ಡಬ್ಬಿಯದಲ್ಲದೆ ಇನ್ನೊಂದು ಪ್ಯಾಕ್ ಬೇರೆ ಇಟ್ಟುಕೊಳ್ಳಿ. ಹೊಳ್ಳೆಯೊಳಗೆ ಹತ್ತಿ ತುರುಕಬೇಡಿ, ಸೀನಿದರೆ ಇನ್ನೂ ಹರಿಯುತ್ತದೆ. ನಾಯಿಯನ್ನು ಮಾತಾಡಿಸಿ ಸಮಾಧಾನವಾಗಿಡಿ, ಒದ್ದಾಟಕ್ಕೆ ರಕ್ತದೊತ್ತಡ ಏರುತ್ತದೆ. ಹತ್ತು ನಿಮಿಷದಲ್ಲಿ ನಿಲ್ಲದಿದ್ದರೆ ಬೀದರಿಗೇ ಹೋಗಬೇಕು ಅನ್ನುವ ಹಟ ಬೇಡ, ಹತ್ತಿರದ ತಾಲೂಕು ಪಶು ಆಸ್ಪತ್ರೆಗೆ ತಿರುಗಿಸಿ. ಅಲ್ಲಿ ಇಂಜೆಕ್ಷನ್ ಮಾಡಿದರೆ ಅದರ ಹೆಸರು, ಹೊತ್ತು ಅದೇ ಹಾಳೆಯ ಮೇಲೆ ಬರೆಸಿಕೊಂಡು ಬನ್ನಿ.